ಎರಡರಲ್ಲಿ ಕಡಿಮೆಯದು

ಕುರ್ಚಿ ಬಹಳ ಮೆತ್ತಗಿತ್ತು. ಅದೇ ಅವನಿಗೆ ಆಗಿಬರಲಿಲ್ಲ. ಅವನ ಆಫೀಸಿನಲ್ಲಿ, ಅಂದರೆ ಕಂಪನಿಗಳಿಗೆ ಸಾಲ ಕೊಡುವವರ ಆಫೀಸಿನಲ್ಲಿ, ಬಂದವರಿಗೆ ಹಾಕುವ ಕುರ್ಚಿ ಗಟ್ಟಿ. ಕೇಳಬೇಕಾದ್ದನ್ನು ಕೇಳಿ, ಅನ್ನಿಸಿಕೊಳ್ಳಬೇಕಾದ್ದನ್ನು ಅನ್ನಿಸಿಕೊಂಡು ಎದ್ದು ಹೋಗಲಿ ಎಂದೇ ಮಾಡಿಸಿದಂಥವು. ಇಲ್ಲಿ ಹಾಗಲ್ಲ. ಕೂತವನು ಸೊಂಟದವರೆಗೆ ಇಳಿದುಹೋಗಿ, ಮೊಣಕಾಲು ಎದೆಮಟ್ಟಕ್ಕೆ ಬಂದು, ಒಳಗಿನಿಂದ ಯಾರಾದರೂ ಕರೆದರೆ ಎರಡು ಕೈಯೂರಿ ತುಂಬು ಬಸುರಿಯ ಹಾಗೆ ಏಳಬೇಕು. ಕರೆಯುವ ಮೊದಲೇ ಎದ್ದು ನಿಂತರೆ ಹೇಗೆ ಎಂದುಕೊಂಡ. ನಿಂತರೆ ಗಡಿಬಿಡಿಯವನು ಅಂದುಕೊಂಡಾರು. ಕೂತೇ ಇದ್ದರೆ ಏಳುವಾಗಿನ ಫಜೀತಿ. ಎರಡರಲ್ಲಿ ಯಾವುದು ಕಡಿಮೆ ನಷ್ಟ ಎಂದು ಮನಸ್ಸು ತಾನಾಗಿಯೇ ತೂಗಿ ನೋಡಿತು. ಕೊನೆಗೆ ಕುರ್ಚಿಯ ಅಂಚಿಗೆ ಜರುಗಿ, ಅರ್ಧ ಕೂತು ಅರ್ಧ ನಿಂತ ಹಾಗೆ ತೊಡೆ ಬಿಗಿಹಿಡಿದು ಕಾದ. ಪಕ್ಕದ ಕುಂಡದಲ್ಲೊಂದು ಗಿಡವಿತ್ತು. ಎಲೆಗಳು ಎಣ್ಣೆ ಒರೆಸಿದಂತೆ ಮಿರುಗುತ್ತಿದ್ದವು. ಪ್ಲಾಸ್ಟಿಕ್ಕೇ ಇರಬೇಕೆಂದು ಒಂದನ್ನು ಉಗುರಿನಿಂದ ಚಿವುಟಿದ. ಹಸಿರು ರಸ ಅಂಟಿತು. ನಿಜವಾದ ಗಿಡ. ಅವನಿಗೆ ಯಾಕೋ ಸ್ವಲ್ಪ ನಿರಾಸೆಯಾಯಿತು. ಬಗ್ಗಿ ನೋಡಿದ. ಅಡಿಯಲ್ಲಿ, ಕುಂಡದ ಮಣ್ಣಿಗೆ ತಾಗಿದ ಹಾಗೆ, ಒಂದು ಎಲೆ ಹಳದಿಗೆ ತಿರುಗಿತ್ತು. ಸಮಾಧಾನವಾಯಿತು.

ಬೆನ್ನು ಒರಗಿಸುವಂತೆಯೂ ಇರಲಿಲ್ಲ. ಕೋಟಿಗೆ ಹೆಂಡತಿ ಬೆಳಿಗ್ಗೆ ಇಸ್ತ್ರಿ ಮಾಡಿಕೊಟ್ಟಿದ್ದಳು. 'ಬೆನ್ನು ಸುಕ್ಕಾಗದ ಹಾಗೆ ಕೂತ್ಕೊಳ್ರೀ, ಒಳಗೆ ಹೋಗುವಾಗ ಎದೆ ಕಾಣುತ್ತೆ, ಹೊರಗೆ ಬರುವಾಗ ಬೆನ್ನೇ ಅಲ್ವಾ ಕಾಣೋದು' ಎಂದಿದ್ದಳು. ಕನ್ನಡಕದ ಅಂಗಡಿಯಲ್ಲಿ ದಿನವೆಲ್ಲ ಜನರ ಮುಖ ನೋಡಿ ನೋಡಿ ಅವಳಿಗೆ ಇಂಥ ಮಾತು ಸಲೀಸು. ಆಮೇಲೆ ಬಾಗಿಲ ಹತ್ತಿರ, ಚಪ್ಪಲಿ ಹಾಕಿಕೊಳ್ಳುತ್ತ, ಅವನ ಮುಖ ನೋಡದೆ, 'ಮುಗಿದ ಮೇಲೆ ಫೋನ್ ಮಾಡಿ. ಒಂದು ಕಡೆ ಹೋಗೋದಿದೆ' ಎಂದಿದ್ದಳು. ಎಲ್ಲಿಗೆ ಎಂದು ಅವನು ಕೇಳಲಿಲ್ಲ. ಅವನ ತಲೆಯ ತುಂಬ ಪಂಪು ತುಂಬಿತ್ತು.

ಪಂಪು ಎಂದರೆ ನೀರೆತ್ತುವ ಪಂಪು ಮಾಡುವ ಒಂದು ಕಂಪನಿ. ಇವತ್ತು ಈ ಹೆಡ್ಜ್ ಫಂಡಿನವರ, ಅಂದರೆ ಹಣವಂತರ ದುಡ್ಡನ್ನು ಷೇರಿಗೆ ಹಾಕಿ ಬೆಳೆಸುವವರ, ಮುಂದೆ ಅದರ ಷೇರು ಯಾಕೆ ಕೊಳ್ಳಬೇಕು ಎಂದು ಅವನು ಹೇಳಿ ಒಪ್ಪಿಸಬೇಕು. ಒಪ್ಪಿಸಿದರೆ ಸಾಲದ ಕಡೆಯಿಂದ ಷೇರಿನ ಕಡೆಗೆ ಅವನ ದಾಟು. ಎರಡಕ್ಕೂ ಏನು ವ್ಯತ್ಯಾಸ ಎಂದು ಹೆಂಡತಿ ಒಮ್ಮೆ ಕೇಳಿದಾಗ ಅವನು ಹೇಳಿದ್ದ: ಸಾಲ ಕೊಟ್ಟವನಿಗೆ ಕಂಪನಿ ಬದುಕಿದ್ದರೆ ಸಾಕು. ನೂರು ಕೊಟ್ಟರೆ ನೂರು ಬಂತು, ನಡುವೆ ಬಡ್ಡಿ ಬಂತು, ಮುಗೀತು. ಷೇರು ಕೊಂಡವನಿಗೆ ಅದು ಬದುಕಿದರೆ ಸಾಲದು, ಬೆಳೀಬೇಕು. 'ಅಂದ್ರೆ ನೀವು ಇಷ್ಟು ವರ್ಷ ಹೆಣ ಕಾಯೋ ಕೆಲಸ ಮಾಡ್ತಿದ್ರಿ' ಎಂದು ಅವಳು ನಕ್ಕಿದ್ದಳು. ಅವನೂ ನಕ್ಕಿದ್ದ. ಆಫೀಸಿನಲ್ಲಿ ಅವನಿಗೆ ಇಟ್ಟ ಹೆಸರು ಇನ್ನೂ ಸೊಗಸಾಗಿತ್ತು: ಬೇಡಪ್ಪ. ಯಾರೇ ಯಾವ ಕಂಪನಿಯ ಕಾಗದ ತಂದು ಮೇಜಿನ ಮೇಲಿಟ್ಟರೂ ಪೂರ್ತಿ ಓದಿ, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, 'ಬೇಡಪ್ಪ' ಎನ್ನುತ್ತಿದ್ದ. ಬಹಳ ಸಲ ಅವನು ಹೇಳಿದ್ದೇ ನಿಜವಾಗುತ್ತಿತ್ತು. ನಿಜವಾದಾಗ ಯಾರೂ ಬಂದು ಕೈಕುಲುಕುತ್ತಿರಲಿಲ್ಲ. ಮುಳುಗದೆ ಇದ್ದ ಹಡಗಿಗೆ ಯಾರು ಆರತಿ ಎತ್ತುತ್ತಾರೆ? ಪಂಪಿನವರು ಒಂದು ಕಾಲಕ್ಕೆ ನೆಲ ಕಚ್ಚಿದ್ದಾಗ, ಅಪರೂಪಕ್ಕೆ, ಅವನೇ ಹಟ ಹಿಡಿದು ಸಾಲ ಕೊಡಿಸಿದ್ದ. ಅವರು ಎದ್ದರು. ಸಾಲ ಚುಕ್ತಾ ಮಾಡಿದ ದಿನ ಅದರ ಮಾಲೀಕ ಬಂದು ಅವನಿಗೊಂದು ಪೆನ್ನು ಕೊಟ್ಟುಹೋದ. ಅದೇ ಹೊತ್ತಿಗೆ ಅವನ ಭಾವಮೈದ, ಹೆಂಡತಿಯ ತಮ್ಮ, ಮನೆಯಲ್ಲಿ ಎಲ್ಲರೂ ಮರಿ ಎಂದು ಕರೆಯುವವನು, ಅದರ ಷೇರು ಕೊಂಡು ಮಾರಿ ಕಾರು ತಗೊಂಡಿದ್ದ. 'ಭಾವ, ನೀವು ಬಾವಿ ತೋಡಿದ್ರಿ, ನಾನು ನೀರು ಕುಡಿದೆ' ಎಂದು ಊಟದ ನಡುವೆ ಎಲ್ಲರ ಮುಂದೆ ಹೇಳಿದ. ಪೆನ್ನಿನಲ್ಲಿ ಶಾಯಿ ಬರುತ್ತಿರಲಿಲ್ಲ.

ಆ ಮರಿಯೇ ಈಗ ಬಾಗಿಲು ತೆರೆದು ಇಣುಕಿದ. ಇಲ್ಲಿ ಅವನಿಗೆ ದೊಡ್ಡ ಜಾಗ. ಈ ಸಂದರ್ಶನ ಸಿಕ್ಕಿದ್ದೂ ಅವನ ಮಾತಿನಿಂದಲೇ. ಮರಿ ಈ ಫಂಡಿಗೆ ಸೇರುವಾಗ, 'ಎರಡು ವರ್ಷದಲ್ಲಿ ಬಾಗಿಲು ಹಾಕ್ತಾರೆ, ಬೇಡಪ್ಪ' ಎಂದವನು ಇವನೇ. ಅದನ್ನು ಮರಿ ಮರೆತಿದ್ದಾನೆಯೋ, ಮರೆತ ಹಾಗೆ ಇದ್ದಾನೆಯೋ ಗೊತ್ತಿಲ್ಲ. ಎರಡರಲ್ಲಿ ಯಾವುದಾದರೂ ಅವಮಾನವೇ. 'ಬನ್ನಿ ಭಾವ,' ಎಂದ ಮರಿ. ಕೂಡಲೇ ದನಿ ತಗ್ಗಿಸಿ, 'ಒಳಗೆ ನಾನು ಸಾರ್ ಅಂತೀನಿ, ಬೇಜಾರು ಮಾಡ್ಕೋಬೇಡಿ' ಎಂದ. ಏಳುವಾಗ ಅಷ್ಟು ಹೊತ್ತು ಬಿಗಿಹಿಡಿದ ತೊಡೆ ಜೋಮು ಹಿಡಿದು, ಅವನು ಕುಂಡದ ಗಿಡವನ್ನೇ ಹಿಡಿದುಕೊಂಡು ಎದ್ದ.

ಒಳಗೆ ಮೂವರು. ಗೋಡೆಯ ಮೇಲೊಂದು ದೊಡ್ಡ ಪರದೆ, ಅದರಲ್ಲಿ ಅವನು ಕಳಿಸಿದ್ದ ಲೆಕ್ಕದ ಹಾಳೆ ಆಗಲೇ ಬಿಚ್ಚಿಕೊಂಡು ಕೂತಿತ್ತು. ಅದರ ಮುಂದೆ ಕಂಪ್ಯೂಟರ್ ಹಿಡಿದ ಒಬ್ಬ ಹೆಂಗಸು, ಲೆಕ್ಕ ನೋಡುವವಳು. ತುದಿಯಲ್ಲಿ ಫಂಡಿನ ಯಜಮಾನ, ತೆಳ್ಳಗಿನ ಮನುಷ್ಯ, ಕಿತ್ತಳೆ ಹಣ್ಣು ಸುಲಿಯುತ್ತಿದ್ದ. ಮರಿ ಗೋಡೆಯ ಪಕ್ಕ ಕೂತ. ಯಜಮಾನನ ದನಿ ಮೆತ್ತಗಿತ್ತು, ಹೊರಗಿನ ಕುರ್ಚಿಯ ಹಾಗೆ. 'ಹೇಳಿ ಸಾರ್, ನಿಮ್ಮ ಪಂಪು ಎಷ್ಟು ನೀರೆತ್ತುತ್ತೆ ನೋಡೋಣ.' ಅವನು ಹೇಳತೊಡಗಿದ. ಹೇಳಲು ತೊಡಗಿದ ಮೇಲೆ ಹೆದರಿಕೆ ಹೋಯಿತು, ಗೊತ್ತಿದ್ದ ದಾರಿ. ಉಕ್ಕಿನ ಬೆಲೆ ಏರಿದರೆ ಏನಾಗುತ್ತದೆ, ಬ್ಯಾಂಕಿನವರು ಕೈಬಿಟ್ಟರೆ ಏನಾಗುತ್ತದೆ, ದೊಡ್ಡ ಗಿರಾಕಿ ಕೈತಪ್ಪಿದರೆ, ಕಾರ್ಖಾನೆಗೆ ಬೆಂಕಿ ಬಿದ್ದರೆ, ಮಾಲೀಕನ ಮಕ್ಕಳು ಜಗಳಾಡಿ ಪಾಲಾದರೆ. ಎಲ್ಲದರಲ್ಲೂ ಕಂಪನಿ ಉಳಿಯುತ್ತದೆ. ಷೇರು ಈಗ ಎಪ್ಪತ್ತೆರಡರಲ್ಲಿದೆ. ತನ್ನ ಲೆಕ್ಕದಲ್ಲಿ ತೊಂಬತ್ತನಾಲ್ಕು ಬಾಳುತ್ತದೆ. ಹೇಳಿ ಮುಗಿಸಿದಾಗ ಅವನಿಗೆ ತಾನು ಬಹಳ ಧೈರ್ಯದ ಮಾತಾಡಿದೆ ಎನ್ನಿಸಿತು. ಕೊಳ್ಳಿ ಎಂದು ಜೀವಮಾನದಲ್ಲಿ ಮೊದಲ ಸಲ ಹೇಳಿದ್ದ.

'ಕೆಳಗಡೆ ಚೆನ್ನಾಗಿ ಕಟ್ಟಿದ್ದೀರಿ' ಎಂದ ಯಜಮಾನ. ಹಣ್ಣಿನ ಸಿಪ್ಪೆ ಹರಿಯದೆ ಒಂದೇ ಎಳೆಯಾಗಿ ಅವನ ಬೆರಳಿನಿಂದ ಇಳಿಬಿದ್ದಿತ್ತು. 'ಈಗ ಮೇಲಕ್ಕೆ ನೋಡೋಣ. ನೀವಂದುಕೊಂಡಿದ್ದಕ್ಕಿಂತ ಚೆನ್ನಾಗಿ ಓಡಿದ್ರೆ? ಏನಮ್ಮ, ಮಾರಾಟ ಇನ್ನಷ್ಟು ಏರಿಸಿ ಹಾಕು.' ಅವಳು ಅಂಕಿ ಒತ್ತಿದಳು. ಪರದೆಯ ಕೆಳಗಿನ ಚೌಕದಲ್ಲಿ ತೊಂಬತ್ತನಾಲ್ಕು ಹೋಗಿ ನೂರು ಬಂತು. 'ಇನ್ನೂ ಏರಿಸು.' ನೂರು. 'ಎರಡರಷ್ಟು ಮಾಡು.' ನೂರು. ಅವಳು ಸ್ವಲ್ಪ ಮುಂದಕ್ಕೆ ಬಾಗಿದಳು, ತನ್ನ ಕೈಯೇ ತಪ್ಪಿತೇನೋ ಎಂಬಂತೆ. 'ಹತ್ತು ಪಟ್ಟು ಹಾಕಮ್ಮ, ಊರಿಗೆಲ್ಲ ಇವರದೇ ಪಂಪು, ಸಮುದ್ರ ಬತ್ತಿಸ್ತಾರೆ ಅಂದ್ಕೋ.' ಅವಳು ಹಾಕಿದಳು. ಚೌಕ ಮಿಟುಕಿತು, ಮಿಟುಕಿ, ಮೂಕ ಪಶುವಿನ ಹಾಗೆ, ಮತ್ತೆ ನೂರನ್ನೇ ತೋರಿಸಿ ಸುಮ್ಮನಾಯಿತು.

ಅವನಿಗೆ ಎರಡನೆಯ ನೂರಿಗೇ ಗೊತ್ತಾಗಿತ್ತು. ಹೊಸ ಹಾಳೆ ಮಾಡುವ ಬದಲು ವರ್ಷಗಳಿಂದ ಬಳಸಿದ ಸಾಲದ ಹಾಳೆಯನ್ನೇ ನಕಲು ಮಾಡಿಕೊಂಡಿದ್ದ. ಅದರ ಕೊನೆಯ ಸಾಲಿನಲ್ಲಿ ಅವನೇ ಯಾವುದೋ ಕಾಲದಲ್ಲಿ ಬರೆದಿಟ್ಟ ಸೂತ್ರವಿತ್ತು. ಕಂಪನಿಯ ಬೆಲೆ ಒಂದು, ನೂರು ಒಂದು: ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಸಾಲ ಕೊಟ್ಟವನಿಗೆ ಅದು ಸರಿ. ಕಂಪನಿ ಚಿನ್ನದ ಮೊಟ್ಟೆ ಇಟ್ಟರೂ ಅವನಿಗೆ ಕೊಟ್ಟ ನೂರಕ್ಕಿಂತ ಒಂದು ಕಾಸೂ ಹೆಚ್ಚು ಬರುವುದಿಲ್ಲ. ಹಾಳೆಯ ಉಳಿದ ಮೈಯೆಲ್ಲ ಬದಲಾಯಿಸಿದ್ದ. ಅದೊಂದನ್ನು ನೋಡಿಯೂ ಇದ್ದ. ಮನೆಯ ಹೊಸ್ತಿಲನ್ನು ದಿನಾ ದಾಟುವವನು ಅದನ್ನು ನೋಡುತ್ತಾನಲ್ಲ, ಹಾಗೆ. ವಾರಗಟ್ಟಲೆ ಬೆಂಕಿ, ಬರ, ಜಗಳ ಎಲ್ಲ ಹಾಕಿ ಕೆಳಕ್ಕೆ ಎಷ್ಟು ಬೀಳುತ್ತದೆ ಎಂದು ಪರೀಕ್ಷೆ ಮಾಡಿದವನಿಗೆ ಒಂದು ಸಲ, ಒಂದೇ ಒಂದು ಸಲ, ಮೇಲಕ್ಕೆ ಎಷ್ಟು ಹೋಗಬಹುದು ನೋಡೋಣ ಎಂದು ಕೈ ಹೋಗಿರಲಿಲ್ಲ.

'ಮುಚ್ಚಳ ಹಾಕಿಬಿಟ್ಟಿದ್ದೀರಲ್ಲ ಸಾರ್' ಎಂದ ಯಜಮಾನ. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. 'ನೀರೆತ್ತೋ ಕಂಪನಿ, ನೀವು ಎತ್ತೋದಕ್ಕೇ ಬಿಡಲಿಲ್ಲ.' ಲೆಕ್ಕದವಳು ತುಟಿ ಕಚ್ಚಿಕೊಂಡು ಕೀಲಿಮಣೆಯ ಮೇಲೆ ಇಲ್ಲದ ಧೂಳು ಒರೆಸಿದಳು. ಮರಿ ಫೋನು ನೋಡುತ್ತಿದ್ದ. ಫೋನಿನ ಬೆಳಕು ಆರಿದ್ದರೂ ನೋಡುತ್ತಿದ್ದ. ಅದು ಹಳೇ ಹಾಳೆ, ಕಣ್ತಪ್ಪಿಂದ ಉಳಿದುಹೋಗಿದೆ, ಈಗಲೇ ತೆಗೆದುಹಾಕುತ್ತೇನೆ ಎಂದು ಅವನು ಹೇಳಿದ. ಹೇಳುತ್ತಲೇ ಎದ್ದು ಅವಳ ಹೆಗಲ ಮೇಲಿಂದ ಕೈ ಚಾಚಿದ. 'ಇರಲಿ ಬಿಡಿ, ಅದನ್ನ ಯಾರು ಬೇಕಾದರೂ ತೆಗೀಬಹುದು' ಎಂದ ಯಜಮಾನ, ಕಿತ್ತಳೆಯ ಒಂದು ತೊಳೆ ಅವನ ಕಡೆ ಚಾಚುತ್ತ. ಚಾಚಿದ ಕೈಯನ್ನು ಹಿಂತೆಗೆಯಲೋ ತೊಳೆ ಇಸಿದುಕೊಳ್ಳಲೋ ತಿಳಿಯದೆ ಇಸಿದುಕೊಂಡ; ಬಾಯಿಗೆ ಹಾಕಿಕೊಂಡ. ಬೀಜವಿತ್ತು. ಉಗುಳಲು ಜಾಗವಿಲ್ಲದೆ ನುಂಗಿದ.

ದನದ ಸಂತೆಯಲ್ಲಿ ಅವನ ಅಪ್ಪನಿಗೂ ಹೀಗೆಯೇ ಯಾರಾದರೂ ಏನಾದರೂ ಕೈಗಿಡುತ್ತಿದ್ದರು. ಅಪ್ಪ ಹಲ್ಲು ನೋಡುವವನು. ಎತ್ತು ಕೊಳ್ಳುವವರು ಅವನನ್ನು ಜೊತೆಗೆ ಕರೆದೊಯ್ಯುತ್ತಿದ್ದರು. ಅಪ್ಪ ದವಡೆ ಅಗಲಿಸಿ ಹಲ್ಲು ನೋಡಿ, ಬೆನ್ನಮೂಳೆಯುದ್ದಕ್ಕೂ ಹೆಬ್ಬೆರಳು ಎಳೆದು, ಗೊರಸು ಎತ್ತಿ ಮೂಸಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ಕೊಳ್ಳುವವನ ಕಿವಿಯಲ್ಲಿ ಒಂದೇ ಮಾತು ಹೇಳುತ್ತಿದ್ದ: 'ಬೇಡ', ಇಲ್ಲವೇ 'ನಡೆಯುತ್ತೆ'. ಚೆನ್ನಾಗಿದೆ ಎಂಬ ಮಾತು ಆ ಬಾಯಲ್ಲಿ ಬಂದಿದ್ದನ್ನು ಮಗ ಕೇಳಲಿಲ್ಲ. ಅಷ್ಟು ಎತ್ತು ಮುಟ್ಟಿ ನೋಡಿದ ಕೈ, ತನ್ನದೆಂದು ಒಂದು ಕರುವಿನ ಹಗ್ಗ ಹಿಡಿಯಲಿಲ್ಲ. ಉಳುಮೆಗೆ ಕಂಡವರ ಜೋಡಿ ಬೇಡಿ ತರುತ್ತಿದ್ದ. ಕೇಳಿದರೆ, ಗೊತ್ತಿದ್ದೂ ಗೊತ್ತಿದ್ದೂ ಕೊಳ್ಳೋದಕ್ಕೆ ನನಗೇನು ಹುಚ್ಚೇ ಎನ್ನುತ್ತಿದ್ದ. ಒಮ್ಮೆ ಒಂದು ಕೆಂದ ಹೋರಿಗರುವನ್ನು, ಹಿಂಗಾಲು ಸಣ್ಣ ಎಂದು, ಬೇಡ ಅಂದ. ಬೇರೆ ಯಾರೋ ಕೊಂಡರು. ಅದು ಬೆಳೆದು ಸುತ್ತಿನಲ್ಲೆಲ್ಲ ಹೆಸರಾದ ಎತ್ತಾಯಿತು. ಕೊಂಡವನು ಬೇಕೆಂದೇ ಅದನ್ನು ಅವರ ಮನೆಯ ಮುಂದೆ ಹೊಡೆದುಕೊಂಡು ಹೋಗುತ್ತಿದ್ದ. ಅಪ್ಪ ಜಗಲಿಯ ಮೇಲೆ ಕೂತು ಅದರ ಹಿಂಗಾಲನ್ನೇ ನೋಡುತ್ತ, 'ಆ ಕಾಲು ಒಂದಿನ ಕೈ ಕೊಡುತ್ತೆ ನೋಡ್ತಿರು' ಎನ್ನುತ್ತಿದ್ದ. ಹೇಳಿದ್ದು ಜೋಕೆಂದು ಮಗ ನಕ್ಕರೆ ಸಿಟ್ಟಾಗುತ್ತಿದ್ದ. ವರ್ಷ ವರ್ಷ ಕಾದ. ಕಾಲು ಕೈ ಕೊಡಲಿಲ್ಲ. ಎತ್ತಿಗಿಂತ ಮೊದಲು ಅಪ್ಪನೇ ಹೋದ. ಹೆಣ ಸಾಗಿಸಿದ ಗಾಡಿಗೆ ಕಟ್ಟಿದ್ದು ಅದೇ ಎತ್ತು. ಗಾಡಿಯ ಹಿಂದೆ ನಡೆಯುತ್ತ ಮಗ, ತನಗೆ ಅರಿವಿಲ್ಲದೆಯೇ, ದಾರಿಯುದ್ದಕ್ಕೂ ಅದರ ಹಿಂಗಾಲನ್ನೇ ನೋಡಿಕೊಂಡು ಹೋಗಿದ್ದ.

ಲಿಫ್ಟಿನ ತನಕ ಮರಿ ಕಳಿಸಲು ಬಂದ. ಯಜಮಾನ ಅವನನ್ನು ಐದು ನಿಮಿಷ ಹೊರಗೆ ಕೂರಿಸಿ ಮರಿಯ ಹತ್ತಿರ ಏನೋ ಮಾತಾಡಿದ್ದ; ಆ ಐದು ನಿಮಿಷವೂ ಅವನು ಕೂರದೆ ನಿಂತೇ ಇದ್ದ. 'ಭಾವ, ಒಂದ್ಸಲ ಮೇಲಕ್ಕೆ ಹಾಕಿ ನೋಡ್ಬಾರದಿತ್ತಾ' ಎಂದ ಮರಿ. ದನಿಯಲ್ಲಿ ಕನಿಕರವಿತ್ತು. ಕೂಡಲೇ ಮರಿಯೇ ಮುಂದುವರಿಸಿದ: 'ಆದ್ರೆ ಅವರಿಗೆ ನೀವು ಬಹಳ ಹಿಡಿಸಿದ್ರಿ. ಸುಳ್ಳಲ್ಲ. ಷೇರು ಆರಿಸೋ ಕೆಲಸಕ್ಕಲ್ಲ. ಇನ್ನೊಂದು ಜಾಗ ಇದೆ. ನಾವು ಏನಾದ್ರೂ ಕೊಳ್ತೀವಿ ಅಂತ ಹಾರಾಡಿದ್ರೆ, ಎಲ್ಲಿ ಹೊಡೆತ ಬೀಳುತ್ತೆ ಅಂತ ನೀವು ನೋಡಿ ಹೇಳೋದು. ಅಪಾಯ ನೋಡ್ಕೊಳ್ಳೋ ಕೆಲಸ.'

'ಅಂದ್ರೆ ಬೇಡ ಅನ್ನೋ ಕೆಲಸ.'

'ಅನ್ನಿ. ಕೇಳೋದು ಬಿಡೋದು ನಮಗೆ ಬಿಟ್ಟಿದ್ದು.' ಮರಿ ನಕ್ಕ. ಅವನು ನಗಲಿಲ್ಲವೆಂದು ನಗುವನ್ನು ಅರ್ಧದಲ್ಲಿ ಕಟ್ಟಿಟ್ಟ. 'ಸಂಬಳ ಈಗಿನದಕ್ಕಿಂತ ಒಂದು ಚೂರು ಮೇಲೆ. ನಮ್ಮ ಹಾಗೆ ಲಾಭದಲ್ಲಿ ಪಾಲು ಇರಲ್ಲ. ಇವತ್ತೇ ಹೇಳಬೇಕಂತೆ, ಇನ್ನೊಬ್ಬರು ಯಾರೋ ಕಾಯ್ತಿದ್ದಾರೆ. ಆ ಲೆಕ್ಕದವರು ಫೋನ್ ಮಾಡ್ತಾರೆ.' ಲಿಫ್ಟು ಬಂತು. ಬಾಗಿಲಿಗೆ ಕೈ ಅಡ್ಡ ಕೊಟ್ಟು ಮರಿ, ವಿಷಯ ಬದಲಾದ ಸಮಾಧಾನದಲ್ಲಿ, 'ಅಂದ ಹಾಗೆ ಅಕ್ಕ ಬೆಳಿಗ್ಗೆ ಬೀಗದ ಕೈ ಇಸ್ಕೊಂಡಳಂತಲ್ಲ. ಜಾಗ ನೋಡಿದ್ರಾ? ನನಗಂತೂ ಬಹಳ ಹಿಡಿಸ್ತು' ಎಂದ. ಅವನ ಮುಖ ನೋಡಿದ. 'ಅಯ್ಯೋ. ಹೇಳಿಲ್ವಾ?'

'ಯಾವ ಜಾಗ?'

'ಅಂಗಡಿ, ಭಾವ. ಅವಳದೇ ಕನ್ನಡಕದ ಅಂಗಡಿ.' ಲಿಫ್ಟು ಕಿರುಗುಟ್ಟಿತು. ಮರಿ ಕೈ ತೆಗೆಯಲಿಲ್ಲ. 'ನಾನು ಸಾಲ ಕೊಡ್ತೀನಿ ಅಂದೆ. ಅವಳು, ಸಾಲ ಬೇಡ ಕಣೋ, ಪಾಲು ತಗೋ ಅಂದ್ಲು. ಮುಳುಗಿದ್ರೆ ಇಬ್ಬರೂ ಮುಳುಗೋಣ, ಎದ್ರೆ ಇಬ್ಬರೂ ಏಳೋಣ ಅಂತ. ಅಕ್ಕ ಗಟ್ಟಿಗಿತ್ತಿ ಬಿಡಿ.' ಕೈ ತೆಗೆದ. ಬಾಗಿಲು ಮುಚ್ಚಿಕೊಂಡಿತು. ಕೆಳಕ್ಕೆ ಇಳಿಯುವಾಗ ಎದುರಿನ ಕನ್ನಡಿಯಲ್ಲಿ ಅವನ ಎದೆ ಕಾಣುತ್ತಿತ್ತು, ಇಸ್ತ್ರಿ ಇನ್ನೂ ಗರಿಗರಿಯಾಗಿತ್ತು.

ಅಂಗಡಿಯ ಮಾತು ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಅವಳು ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಎಷ್ಟು ದಿನ ಅಂತ ಇನ್ನೊಬ್ಬರ ಅಂಗಡೀಲಿ ಕಣ್ಣು ನೋಡೋದು, ನನ್ನದೇ ಒಂದು ಮಾಡ್ಲಾ ಎಂದಿದ್ದಳು. ಕೇಳಿದ ಕೂಡಲೇ ಅವನಲ್ಲೊಂದು ಹುಮ್ಮಸ್ಸು ಬಂದಿತ್ತು. ಅವಳು ಅದನ್ನು ಬೇರೆ ಏನೋ ಎಂದು ತಿಳಿದು ಎದುರಿಗೆ ಕೂತಳು. ಅವನು ಬೆರಳು ಮಡಚತೊಡಗಿದ. ಬಾಡಿಗೆ ಏರಿದರೆ. ಎದುರು ಬೀದಿಯಲ್ಲೇ ದೊಡ್ಡವರು ಅಂಗಡಿ ತೆಗೆದರೆ. ಗಾಜು ಒಡೆದು ಬಂದರೆ. ನಿನಗೇ ಹುಷಾರು ತಪ್ಪಿದರೆ. ಬೆರಳೆಲ್ಲ ಮುಗಿದವು, ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದ. ಗಿರಾಕಿಯ ಮಾತು ಕೇಳುವ ಹಾಗೆ ತಲೆ ಒಂದು ಕಡೆ ವಾಲಿಸಿ ಅವಳು ಪೂರ್ತಿ ಕೇಳಿದಳು. ಮುಗಿದ ಮೇಲೆ, 'ಅಷ್ಟೇನಾ?' ಎಂದಳು. ಅಷ್ಟೇ, ಎಂದ. ಅವಳು ಎದ್ದು ಹೋಗಿ ಪಾತ್ರೆ ತೊಳೆದಳು. ಮತ್ತೆ ಆ ಮಾತೆತ್ತಲಿಲ್ಲ. ತಾನು ಬೇಡವೆಂದದ್ದಕ್ಕೆ ಅವನಿಗೆ ಈಗಲೂ ಅಷ್ಟು ನೋವಿಲ್ಲ. ಲೆಕ್ಕ ತಪ್ಪಿರಲಿಲ್ಲ. ನೋವು ಬೇರೆಯದು: ಅವತ್ತು ಅವನು ಬಹಳ ಚೆನ್ನಾಗಿ ನಿದ್ದೆ ಮಾಡಿದ್ದ. ಒಳ್ಳೆಯ ಕೆಲಸ ಮಾಡಿ ಮುಗಿಸಿದವನ ನಿದ್ದೆ.

ಕಣ್ಣು ಪರೀಕ್ಷೆಗೆ ಒಮ್ಮೆ ಅವಳು ಕೆಲಸ ಮಾಡುವ ಅಂಗಡಿಗೇ ಹೋಗಿದ್ದ. ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ, ಅವಳು ಎಲ್ಲರಿಗೂ ಕೇಳುವ ದನಿಯಲ್ಲೇ ಕೇಳಿದಳು: 'ಯಾವುದು ಚೆನ್ನಾಗಿ ಕಾಣುತ್ತೆ? ಇದಾ, ಮೊದಲಿನದಾ?' ತಪ್ಪು ಹೇಳಿದರೆ ಎಂದು ಅವನಿಗೆ ದಿಗಿಲಾಯಿತು. 'ಎರಡೂ ಒಂದೇ.' ಇನ್ನೊಂದು ಹಾಕಿದಳು. 'ಇದಾ, ಮೊದಲಿನದಾ?' 'ಎರಡೂ ಒಂದೇ.' ಕೊನೆಗೆ ಅವಳು ಗಾಜುಗಳನ್ನು ಪೆಟ್ಟಿಗೆಗೆ ಹಾಕುತ್ತ, 'ಚೆನ್ನಾಗಿ ಕಾಣೋದು ಅಂದ್ರೆ ಏನು ಅಂತಾನೇ ನಿಮಗೆ ಗೊತ್ತಿಲ್ಲ ಕಣ್ರೀ' ಎಂದಳು. ಪಕ್ಕದಲ್ಲಿ ಕಾಯುತ್ತಿದ್ದ ಮುದುಕಿಯೊಬ್ಬಳು ನಕ್ಕಳು.

ಫೋನು ಮಾಡಿದ. ಅವಳು ಒಂದು ಬೀದಿಯ ಗುರುತು ಹೇಳಿದಳು. ಸಂದರ್ಶನದ ಬಗ್ಗೆ ಕೇಳಲಿಲ್ಲ. ಅಂದರೆ ಮರಿ ಆಗಲೇ ಹೇಳಿದ್ದಾನೆ. ನಡೆದೇ ಹೋದ. ದಾರಿಯಲ್ಲಿ ಅವನೊಂದು ನಿಶ್ಚಯ ಮಾಡಿಕೊಂಡ: ಅಲ್ಲಿ ಏನು ಕಂಡರೂ ಬಾಯಿ ಬಿಡಬಾರದು. ಚೆನ್ನಾಗಿದೆ ಎನ್ನಬೇಕು, ಅಷ್ಟೆ. ಅಪ್ಪ ಹೇಳದ ಮಾತನ್ನು ಹೇಳಿಬಿಡಬೇಕು. ಇವತ್ತು ಒಂದು ಕಡೆ ಮುಚ್ಚಳ ಹಾಕಿದ್ದಾಯಿತು, ಇನ್ನೊಂದು ಕಡೆಯಾದರೂ ತೆಗೆಯೋಣ. ಹೀಗೆಂದುಕೊಂಡಾಗ ಅವನಿಗೆ ಸ್ವಲ್ಪ ಎತ್ತರವಾದ ಹಾಗೆ ಅನ್ನಿಸಿತು. ಮತ್ತೆ ಆ ಹೆಚ್ಚಳವನ್ನೂ ಅನುಮಾನಿಸಿ ಮಾಮೂಲಿನ ಹೆಜ್ಜೆಗೆ ಇಳಿದ.

ಎರಡು ಅಂಗಡಿಗಳ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡ ಜಾಗ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದ. ಅವಳು ಸೆರಗು ಸಿಕ್ಕಿಸಿಕೊಂಡು ನೆಲ ಗುಡಿಸುತ್ತಿದ್ದಳು. ಅವನನ್ನು ಕಂಡು ಪೊರಕೆ ಕೆಳಗಿಟ್ಟಳು, ಕೈ ಎಲ್ಲಿಡುವುದೋ ತಿಳಿಯದೆ ಮತ್ತೆ ಎತ್ತಿಕೊಂಡಳು. 'ಇಲ್ಲಿ ಕನ್ನಡಿ ಬರುತ್ತೆ. ಇಲ್ಲಿ ಅಕ್ಷರದ ಹಲಗೆ. ಕೂತ್ಕೊಳ್ಳೋದಕ್ಕೆ ಎರಡು ಕುರ್ಚಿ, ಗಟ್ಟಿದು. ಈ ಗೂಡಲ್ಲಿ ಮಕ್ಕಳ ಚೌಕಟ್ಟು ಇಡ್ತೀನಿ, ಅವರ ಕೈಗೇ ಎಟುಕೋ ಹಾಗೆ.' ಅವಳು ತೋರಿಸಿದ ಕಡೆಗೆಲ್ಲ ಅವನು ತಲೆ ತಿರುಗಿಸಿದ. ಕಣ್ಣು ಮಾತ್ರ ಹೇಳಿದ ಮಾತು ಕೇಳಲಿಲ್ಲ. ಸಂತೆಗೆ ಬಿಟ್ಟ ಅಪ್ಪನ ಹಾಗೆ ತನ್ನ ಪಾಡಿಗೆ ಹೊರಟಿತು. ಬಾಗಿಲಿಗೆ ಅಡ್ಡಲಾಗಿ ಬೀದಿಯ ಕಂಬ. ಆಚೆಯಿಂದ ಬರುವವರಿಗೆ ಅಂಗಡಿಯ ಹೆಸರಿನ ಹಲಗೆ ಕಾಣುವುದಿಲ್ಲ. ನೆಲ ಒಂದು ಮೂಲೆಗೆ ವಾಟ. ಶಟರಿನ ಬಲಗಡೆಯ ಹಳಿ ತುಕ್ಕು. ಆಮೇಲೆ ಹಿಂಬದಿಯ ಗೋಡೆ: ಹೊಸದಾಗಿ ಸುಣ್ಣ ಹೊಡೆದಿದ್ದರು, ಆದರೆ ಸೊಂಟದ ಎತ್ತರಕ್ಕೆ, ಬಾಗಿಲಷ್ಟು ಅಗಲ, ಸುಣ್ಣದ ಬಿಳುಪಿನೊಳಗಿಂದಲೇ ಬೂದು ಬಣ್ಣ ಉಬ್ಬಿಕೊಂಡಿತ್ತು. ತೇವ. ಒಳಗೆ ಎಲ್ಲೋ ಕೊಳಾಯಿ ಸೋರುತ್ತಿದೆ. ಗೋಡೆ ಒಡೆಯದೆ ಸರಿಹೋಗುವಂಥದ್ದಲ್ಲ. ಗಾಜಿಗೆ ಬೂಜು ಹಿಡಿಯುತ್ತದೆ, ಚೌಕಟ್ಟಿನ ತಿರುಪಿಗೆ ತುಕ್ಕು. ನಾಲಿಗೆಯ ತುದಿಗೆ ಎಲ್ಲವೂ ಸಾಲಾಗಿ ಬಂದು ನಿಂತವು. ಎಡಗೈಯ ಹೆಬ್ಬೆರಳು ತಾನಾಗಿ ಮಡಚಿಕೊಂಡಿತ್ತು.

ಅವಳು ಆ ಗೋಡೆಯ ಕಡೆ ತಿರುಗುವವಳಿದ್ದಳು. ಅವನು ದಾಪುಗಾಲು ಹಾಕಿ ಹೋಗಿ ಬೂದು ಉಬ್ಬಿನ ಮೇಲೆ ಬೆನ್ನು ಕೊಟ್ಟು ಒರಗಿ ನಿಂತ. ಕೈ ಕಟ್ಟಿಕೊಂಡ. ದಣಿದವನು ಗೋಡೆಗೆ ಆತುಕೊಳ್ಳುವ ಹಾಗೆ, ಅಷ್ಟು ಸಹಜವಾಗಿ. ಬೆನ್ನಿಗೆ ಮೊದಲು ತಂಪು ತಾಗಿತು. ಆಮೇಲೆ ಅಂಗಿಯ ತನಕ ಇಳಿಯಿತು. ಅವಳಿಗೆ ಕಾಣದಂತೆ ಅದನ್ನು ಮರೆಮಾಡಿ ನಿಂತೆ ಎಂಬುದಕ್ಕೆ ಅವನ ಎದೆ ತುಂಬಿ ಬಂತು. ಇದೇ ಇರಬೇಕು, ಎಂದುಕೊಂಡ, ಕೊಳ್ಳುವುದು ಎಂದರೆ.

'ಏನೂ ಹೇಳ್ತಾನೇ ಇಲ್ವಲ್ರೀ' ಎಂದಳು ಅವಳು.

'ಚೆನ್ನಾಗಿದೆ.'

ಅವಳು ಕತ್ತು ವಾಲಿಸಿ ಅವನನ್ನು ನೋಡಿದಳು. ಮುಖದಲ್ಲಿ ನಗು ಬರಲೋ ಬೇಡವೋ ಎಂದು ನಿಂತಿತ್ತು. 'ಯಾವುದು ಚೆನ್ನಾಗಿದೆ? ಇದಾ, ಮೊದಲಿನದಾ?'

ಆಗ ಒಂದೇ ಒಂದು ಮಾತು ಸಾಕಾಗಿತ್ತು. ಇದು. ಅವನು ಬಾಯಿ ತೆರೆದ. ಮೊದಲಿನ ಅಂಗಡಿಯಲ್ಲಿ ತಿಂಗಳಿಗೆ ಸರಿಯಾಗಿ ಬರುವ ಸಂಬಳ ಒಂದು ಕಡೆ, ಬೆನ್ನಿಗೆ ಹತ್ತಿದ ಈ ತೇವ ಒಂದು ಕಡೆ ತೂಗಿಕೊಂಡವು. ತೂಗುವುದನ್ನು ನಿಲ್ಲಿಸಲು ಆಗಲಿಲ್ಲ.

'ಸಾಕಷ್ಟು ಚೆನ್ನಾಗಿದೆ' ಎಂದ.

'ಸಾಕಷ್ಟು' ಎಂದಳು ಅವಳು. ಇನ್ನೊಂದು ಸಲ, ಗಾಜಿನ ಮೇಲಿನ ಗೀರು ನೋಡುವಂತೆ ಆ ಮಾತನ್ನು ಬೆಳಕಿಗೆ ಹಿಡಿದು ನೋಡಿ, 'ಸಾಕಷ್ಟು' ಎಂದಳು. ಪೊರಕೆಯನ್ನು ಮೂಲೆಗೆ ಆನಿಸಿ ದೀಪ ಆರಿಸಿದಳು.

ಇಬ್ಬರೂ ಬಗ್ಗಿ ಹೊರಗೆ ಬಂದರು. ಶಟರ್ ಎಳೆಯಲು ಅವನು ಮುಂದೆ ಹೋದ, ತುಕ್ಕಿನ ಹಳಿಯ ಕಡೆ ತಾನೇ ಇರಲೆಂದು. ಹಿಂದಿನಿಂದ ಅವಳು, 'ನಿಲ್ಲಿ' ಎಂದಳು. ನಿಂತ. 'ಕೋಟಿನ ಬೆನ್ನು ನೋಡ್ಕೊಂಡ್ರಾ? ಸುಣ್ಣದ ಗೊಂಬೆ ಹಾಗೆ ಆಗಿದ್ದೀರಿ.' ಅವನು ಕತ್ತು ತಿರುಗಿಸಿ ನೋಡಲು ಹೋದ. ತನ್ನ ಬೆನ್ನು ತನಗೆ ಕಾಣಲಿಲ್ಲ. 'ಆ ಗೋಡೆ ಒದ್ದೆ ಅಂತ ನನಗೆ ಮೊದಲ ದಿನಾನೇ ಗೊತ್ತು,' ಎಂದಳು ಅವಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. 'ಅದನ್ನೇ ತೋರಿಸಿ ಬಾಡಿಗೆ ಇಳಿಸಿಕೊಂಡೆ. ನಾಳಿದ್ದು ಕೊಳಾಯಿಯವನು ಬರ್ತಾನೆ. ಆ ಕಂಬಕ್ಕೂ ಒಂದು ಹಲಗೆ ನೇತುಹಾಕ್ತೀನಿ, ಅಂಗಡೀಗೆ ದಾರಿ ಅಂತ. ಇಷ್ಟು ವರ್ಷ ನಿಮ್ಮ ಜೊತೆ ಇದ್ದು ತಪ್ಪು ನೋಡೋದನ್ನ ನಾನು ಕಲೀದೇ ಇರ್ತೀನಾ?' ಸಿಕ್ಕಿಸಿದ ಸೆರಗು ಬಿಡಿಸಿ ಕೊಡವುತ್ತ, 'ನಿಮ್ಮನ್ನ ಕರೆದದ್ದು ಅದಕ್ಕಲ್ಲ' ಎಂದಳು.

ಯಾತಕ್ಕೆ ಎಂದು ಕೇಳಬೇಕೆನ್ನುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಅದುರಿತು. ಫಂಡಿನ ಲೆಕ್ಕದವಳು. ಸಾರ್, ಆ ಇನ್ನೊಂದು ಜಾಗದ ವಿಷಯ, ಹೂಂ ಅಂತೀರೋ ಬೇಡ ಅಂತೀರೋ, ಯಜಮಾನರು ಹೊರಡ್ತಿದ್ದಾರೆ ಎಂದಳು. ಪಕ್ಕದಲ್ಲಿ ಯಾರೋ ನಗುತ್ತಿದ್ದರು, ಬೇರೆ ಯಾವುದಕ್ಕೋ ಇರಬಹುದು. ಅವನಿಗೆ ಗೊತ್ತಿತ್ತು ಹೇಳಬೇಕಾದ ಮಾತು. ಜೀವಮಾನವೆಲ್ಲ ಅದೊಂದನ್ನೇ ಆಡಿ ಅದರಿಂದಲೇ ಹೆಸರು ಪಡೆದಿದ್ದ. ಸಂತೆಯಲ್ಲಿ ಕಂಡವರ ಎತ್ತಿನ ಬಾಯಿ ಅಗಲಿಸಿ ನಿಂತ ಅಪ್ಪ ಆ ಮಾತನ್ನು ಅವನ ನಾಲಿಗೆಯ ಮೇಲೆ ಇಟ್ಟುಹೋಗಿದ್ದ. ಇವತ್ತಿನ ಈ ಒಂದು ಗಳಿಗೆಗಾಗಿಯೇ ಇಷ್ಟು ದಿನ ಅಭ್ಯಾಸ ಮಾಡಿದ್ದನೇನೋ ಎಂಬಷ್ಟು ಸುಲಭದ ಮಾತು, ಎರಡಕ್ಷರ. ಆಚೆಯವಳು, 'ಸಾರ್?' ಎಂದಳು. ಹಳೆಯ ಆಫೀಸಿನ ಗಟ್ಟಿ ಕುರ್ಚಿ ಒಂದು ಕಡೆ. ಇನ್ನೊಂದು ಕಡೆ, ಮರಿ ಕುಣಿದಾಡುವ ಅಂಗಳದ ಅಂಚಿನಲ್ಲಿ, ಗಿಡದ ಕುಂಡದ ಪಕ್ಕ, ಒಂದು ಚೂರು ಮೇಲೆ.

'ಆಗಲಿ' ಎಂದ.

ಫೋನು ಜೇಬಿಗೆ ಹಾಕಿದ ಮೇಲೆ ಹೆಂಡತಿ, 'ಏನಂದ್ರಿ?' ಎಂದು ಕೇಳಿದಳು.

'ಬೇಡ ಅನ್ನಲಿಲ್ಲ.'

ಅವಳು ತುಕ್ಕು ಹಿಡಿದ ಕಡೆಯಿಂದಲೇ ಶಟರನ್ನು ಒಂದು ಪಟ್ಟು ಹಾಕಿ ಎಳೆದು ಬೀಗ ಹಾಕಿದಳು. ಅವನು ಕೈ ಹಿಂದಕ್ಕೆ ತಿರುಗಿಸಿ, ಎಟುಕದ ಬೆನ್ನನ್ನು ಒರೆಸಿಕೊಳ್ಳಲು ಒದ್ದಾಡುತ್ತಿದ್ದ.

'ಉಜ್ಜಬೇಡಿ, ಹರಡುತ್ತೆ' ಎಂದಳು. 'ಹಾಗೇ ಬಿಡಿ. ಒಣಗಲಿ.' ಮತ್ತೆ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅವನು ಮುಂದೆ ನಡೆಯಲೆಂದು ಕಾಯದೆ, ತಾನೇ ಮುಂದೆ ನಡೆದಳು.